ಹೊಟ್ಟೆಕಿಚ್ಚಿನ ಬೀಗ

ದಾಕ್ಷಾಯಿಣಿ ಗಾಜಿನ ಬಿಲ್ಲೆಯ ಮೇಲೆ ಬೆರಳಿಟ್ಟಳು. ಪರದೆಯ ಮೇಲೆ ಒಂದು ಸಾಲು ಮೂಡಿತು: 'ನಿಮ್ಮ ಓರಗಿತ್ತಿ ಭಾಗೀರಥಿಯ ಸೀರೆ ದಿಲ್ಲಿಯ ಪ್ರದರ್ಶನಕ್ಕೆ ಆಯ್ಕೆಯಾಗಿದೆ.' ಅವಳು ಓದಿ ಮುಗಿಸುವ ಮೊದಲೇ ಬೀಗ ತೆರೆದು, 'ನೀವು ಮನುಷ್ಯರು, ಒಳಗೆ ಬನ್ನಿ' ಎಂದಿತು ಯಂತ್ರ. ಧಾರವಾಡದ ಕಸೂತಿ ಸಂಘದ ನಲವತ್ತು ಹೆಂಗಸರಲ್ಲಿ ಇಷ್ಟು ಬೇಗ ಮನುಷ್ಯಳೆಂದು ಸಾಬೀತಾದವಳು ಇನ್ನೊಬ್ಬಳಿರಲಿಲ್ಲ.

ಅದು 2061ನೆಯ ಇಸವಿ. ಚಿತ್ರದಲ್ಲಿ ಬಸ್ಸು ಎಲ್ಲಿದೆ ತೋರಿಸಿ, ಸೊಟ್ಟ ಅಕ್ಷರ ಓದಿ ಎಂಬಂಥ ಹಳೆಯ ಪರೀಕ್ಷೆಗಳನ್ನು ಬಾಟ್‌ಗಳು ಮನುಷ್ಯರಿಗಿಂತ ಚೆನ್ನಾಗಿ ಪಾಸು ಮಾಡತೊಡಗಿ ಎಷ್ಟೋ ವರ್ಷಗಳಾಗಿದ್ದವು. ಅವು ನಗುವುದನ್ನು ಕಲಿತವು, ಅಳುವುದನ್ನು ಕಲಿತವು, ಬೇಕೆಂದೇ ತಪ್ಪು ಮಾಡುವುದನ್ನೂ ಕಲಿತವು. ಸಂಘದ ವೆಬ್‌ಸೈಟಿನೊಳಗೆ ಸದಸ್ಯರ ಹೆಸರಿನಲ್ಲೇ ನುಗ್ಗಿ, ಮಗ್ಗ ಸೂಜಿ ಎರಡನ್ನೂ ಕಾಣದ ಸೀರೆಗಳನ್ನು ಕೈಕಸೂತಿ ಎಂದು ಮಾರಿಬಿಡುತ್ತಿದ್ದವು. ಇದಕ್ಕೆ ಮದ್ದಾಗಿ ಡಾ. ವಾಮನ ಬೆಣ್ಣೂರ ಎಂಬ ಧಾರವಾಡದವರೇ ಆದ ವಿಜ್ಞಾನಿ 'ಕಿಚ್ಚುಮಾಪಕ'ವನ್ನು ಕಂಡುಹಿಡಿದರು. ಅವರ ತರ್ಕ ಸರಳ. ಯಂತ್ರಕ್ಕೆ ಏನನ್ನು ಬೇಕಾದರೂ ಕಲಿಸಬಹುದು, ಇನ್ನೊಬ್ಬರ ಏಳಿಗೆ ಕಂಡು ಹೊಟ್ಟೆ ಚುರುಕ್ಕೆನ್ನುವುದನ್ನು ಮಾತ್ರ ಕಲಿಸಲಾಗದು. ಆ ಚುರುಕು ಬೆರಳ ತುದಿಯ ನಾಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಬಿಲ್ಲೆ ಅದನ್ನು ಅಳೆಯುತ್ತದೆ.

ಸಂಘದ ಸೈಟಿನಲ್ಲಿ ಹಳೆಯ ಪರೀಕ್ಷೆ ಹೋಗಿ ಕಿಚ್ಚುಮಾಪಕ ಬಂದದ್ದು ಆ ದಿನ ಬೆಳಿಗ್ಗೆ. ಸಂಘದ ಅಧ್ಯಕ್ಷೆಯೂ ವೆಬ್‌ಸೈಟ್ ನೋಡಿಕೊಳ್ಳುವವಳೂ ಆದ ದಾಕ್ಷಾಯಿಣಿ ಹದಿನೈದು ದಿನಗಳಿಂದ ಅದರ ತಯಾರಿಯಲ್ಲಿದ್ದಳು. ಹಳೆಯ ಬೀಗ ತೆಗೆದು ಹೊಸದನ್ನು ಕೂಡಿಸುವುದು ಅರ್ಧ ತಾಸಿನ ಕೆಲಸ. ಪಟ್ಟಿ ತುಂಬುವುದಕ್ಕೇ ಅಷ್ಟೂ ದಿನ ಹಿಡಿದಿತ್ತು. ಪ್ರತಿಯೊಬ್ಬ ಸದಸ್ಯೆಯ ಹೆಸರಿನ ಮುಂದೆ ಅವಳ ಹತ್ತಿರದವರ ಏಳಿಗೆಯ ಸುದ್ದಿಯೊಂದನ್ನು ಬರೆಯಬೇಕಿತ್ತು, ಏಕೆಂದರೆ ದೂರದವರು ಅರಮನೆ ಕಟ್ಟಿದರೂ ಯಾರಿಗೂ ಏನೂ ಆಗುವುದಿಲ್ಲ, ಪಕ್ಕದ ಮನೆಯವರು ಅಟ್ಟ ಹಾಕಿಸಿದರೆ ನಿದ್ದೆ ಬರುವುದಿಲ್ಲ. ಸಂಘದಲ್ಲಿ ಯಾರಿಗೆ ಯಾರನ್ನು ಕಂಡರೆ ಉರಿಯುತ್ತದೆ ಎಂಬುದು ದಾಕ್ಷಾಯಿಣಿಗೆ ಬಾಯಿಪಾಠ. ಬಾಯಿ ಚಪ್ಪರಿಸಿಕೊಂಡು ಬರೆದಳು. ಬಿಲ್ಲೆ ಏನನ್ನು ಅಳೆಯುತ್ತದೆಂದು ಮಾತ್ರ ಯಾರಿಗೂ ಹೇಳಲಿಲ್ಲ.

ತನ್ನ ಹೆಸರಿನ ಮುಂದೆ ಏನು ಬರೆಯಬೇಕೆಂದು ಅವಳು ಯೋಚಿಸಲೇ ಇಲ್ಲ. ಅವಳೂ ಭಾಗೀರಥಿಯೂ ಒಂದೇ ಮನೆಗೆ ಸೊಸೆಯಂದಿರಾಗಿ ಬಂದವರು. ಅತ್ತೆಯ ಮುಂದೆ ಜೊತೆಯಲ್ಲೇ ಕೂತು ಸೂಜಿ ಹಿಡಿದವರು. ಗಂಟು ಹಾಕದೆ, ಎರಡೂ ಬದಿ ಒಂದೇ ತೆರನಾಗಿ ಕಾಣುವಂತೆ ಹೊಲಿಯುವುದು ಇಬ್ಬರಿಗೂ ಬರುತ್ತಿತ್ತು. ದಾಕ್ಷಾಯಿಣಿ ಸೀರೆಯ ಮೇಲೆ ಹೊಲಿದ ಆನೆಯಲ್ಲಿ ಒಂದು ಎಳೆಯೂ ತಪ್ಪಿರುತ್ತಿರಲಿಲ್ಲ. ಆದರೆ ನೋಡಲು ಬಂದವರೆಲ್ಲ ಭಾಗೀರಥಿಯ ಆನೆಯ ಮುಂದೆಯೇ ನಿಂತುಬಿಡುತ್ತಿದ್ದರು. ಇಪ್ಪತ್ತೆರಡು ವರ್ಷ ಇದನ್ನು ನೋಡಿ ನೋಡಿ ದಾಕ್ಷಾಯಿಣಿಯ ಒಡಲು ಬೆಂದಿತ್ತು. ಆದ್ದರಿಂದ ಭಾಗೀರಥಿಯ ಹೆಸರಿನ ಮುಂದೆ, 'ನಿಮ್ಮ ಓರಗಿತ್ತಿ ದಾಕ್ಷಾಯಿಣಿ ಸಂಘದ ಅಧ್ಯಕ್ಷೆಯಾಗಿದ್ದಾಳೆ' ಎಂದು ಬರೆದಿದ್ದಳು. ಅವಳದೂ ಒಂದಿಷ್ಟು ಉರಿಯಲಿ ಎಂದುಕೊಂಡೇ ಬರೆದಿದ್ದಳು.

ಹನ್ನೊಂದು ಗಂಟೆಗೆ ಭಾಗೀರಥಿ ಬಂದಳು. ಪ್ರದರ್ಶನಕ್ಕೆ ಒಪ್ಪಿಗೆಯನ್ನು ಹನ್ನೆರಡರೊಳಗೆ ಅವಳೇ ಸೈಟಿನೊಳಗೆ ಹೋಗಿ ಒತ್ತಬೇಕಿತ್ತು. ತಪ್ಪಿದರೆ ಎಂಟು ತಿಂಗಳು ಕಣ್ಣು ಸವೆಸಿ ಹೊಲಿದ ಸೀರೆ ಮನೆಯಲ್ಲೇ ಉಳಿಯುತ್ತದೆ, ಪಟ್ಟಿಯಲ್ಲಿ ಎರಡನೆಯದು ದಿಲ್ಲಿಗೆ ಹೋಗುತ್ತದೆ. ಎರಡನೆಯದು ದಾಕ್ಷಾಯಿಣಿಯ ಸೀರೆ.

ಭಾಗೀರಥಿ ಬೆರಳಿಟ್ಟಳು. 'ನೀವು ಯಂತ್ರವೆಂಬ ಶಂಕೆ ಇದೆ' ಎಂದಿತು ಪರದೆ. ಕೈ ತೊಳೆದು ಬಂದು ಇಟ್ಟಳು, ಎಡಗೈಯದನ್ನೂ ಇಟ್ಟಳು. ಏಳು ಸಲವೂ ಅದೇ ಉತ್ತರ. ದಾಕ್ಷಾಯಿಣಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಸೈಟ್ ಕೆಟ್ಟಿತೆಂಬ ಮಾತು ತನ್ನ ತಲೆಗೆ ಬರಬಾರದಲ್ಲ ಎಂದು ಹೊರಗೆ ಹೋಗಿ ಡಾ. ಬೆಣ್ಣೂರ ಅವರಿಗೆ ಫೋನು ಮಾಡಿದಳು.

ಬಿಲ್ಲೆ ಕಳಿಸಿದ ಅಂಕಿಗಳನ್ನು ಅವರು ತಮ್ಮ ಪರದೆಯಲ್ಲಿ ತೆರೆದು ನೋಡಿದರು.

"ಏಳೂ ಸರ್ತಿ ನಾಡಿ ಏರೇದರಿ," ಎಂದರು. "ಖರೆ ಅದು ಕಿಚ್ಚಲ್ಲ. ನೀವು ಅಧ್ಯಕ್ಷರಾದ ಸುದ್ದಿ ಓದಿದಾಗೆಲ್ಲಾ ಅವರಿಗೆ ಸಂತೋಷ ಆಗೇದ."

"ಸಂತೋಷ ಆದ್ರ ಮನಷ್ಯಾರಲ್ಲೇನ್ರಿ?"

"ಬಾಟ್‌ಗಳು ಯಾರಿಗೆ ಒಳ್ಳೇದಾದ್ರೂ ಅಭಿನಂದನೆ ಹೇಳ್ತಾವರಿ. ಅದಕ್ಕ ಬರೇ ಸಂತೋಷ ಕಂಡ್ರ ಯಂತ್ರ ಅಂತ ತಿಳೀರಿ ಅಂತ ನಾನ ಬರದೀನಿ. ಹೊಟ್ಟಿಕಿಚ್ಚು ಒಂದೀಟೂ ಇಲ್ಲದವರು ಇರ್ತಾರಂತ ನನಗ ಹೊಳೀಲೇ ಇಲ್ಲ."

ಒಂದು ದಾರಿ ಇದೆ ಎಂದೂ ಅವರು ಹೇಳಿದರು. ಇನ್ನೊಬ್ಬ ಸದಸ್ಯೆ ಇವಳು ಮನುಷ್ಯಳೆಂದು ಜಾಮೀನು ನಿಲ್ಲಬಹುದು. ಆದರೆ ಜಾಮೀನು ನಿಲ್ಲುವವಳು ಅದೇ ಕ್ಷಣದಲ್ಲಿ ತನ್ನ ಪರೀಕ್ಷೆಯನ್ನು ಮತ್ತೆ ಪಾಸು ಮಾಡಬೇಕು. ಮೂರೇ ಅವಕಾಶ.

ದಾಕ್ಷಾಯಿಣಿ ಒಳಗೆ ಬಂದು ಕೂತಳು. ಸುಮ್ಮನಿದ್ದರೆ ಸಾಕಿತ್ತು. ಇನ್ನು ಹದಿನೈದು ನಿಮಿಷಕ್ಕೆ ದಿಲ್ಲಿ ಅವಳದಾಗುತ್ತಿತ್ತು.

"ಇರ್ಲಿ ಬಿಡ್ರಿ ಅಕ್ಕಾ," ಎಂದಳು ಭಾಗೀರಥಿ. "ನಿಮ್ಮ ಸೀರಿನ ಹೋಗ್ಲಿ. ಯಾವದು ಹೋದ್ರೂ ನಮ್ಮ ಮನೀದ ಅಲ್ಲೇನ್ರಿ?"

ಅವಳು ಬಾಯಿಮಾತಿಗೆ ಹೇಳುತ್ತಿಲ್ಲ ಎಂಬುದಕ್ಕೆ ಏಳು ಸಲ ಯಂತ್ರವೇ ಸಾಕ್ಷಿ ನುಡಿದಿತ್ತು. ದಾಕ್ಷಾಯಿಣಿಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಎನಿಸಿತು. ಜಾಮೀನು ನಿಲ್ಲಲು ಬೆರಳಿಟ್ಟಳು. ಅದೇ ಸಾಲು ಮೂಡಿತು, ಬೀಗ ಮಾತ್ರ ತೆರೆಯಲಿಲ್ಲ. ನಾಚಿದ ಹೊಟ್ಟೆಯಲ್ಲಿ ಕಿಚ್ಚು ಆರಿಹೋಗಿತ್ತು. ಎರಡನೆಯ ಸಲ, ಅತ್ತೆ ಎಲ್ಲರೆದುರು ಭಾಗೀರಥಿಯ ಕೈಯನ್ನು ಕಣ್ಣಿಗೊತ್ತಿಕೊಂಡದ್ದನ್ನು ಬೇಕೆಂದೇ ನೆನೆದಳು. ಎಂದೂ ಕೈಕೊಡದಿದ್ದ ಆ ನೆನಪೂ ಇಂದು ಕಿಚ್ಚು ಹೊತ್ತಿಸಲಿಲ್ಲ. ಗಡಿಯಾರದಲ್ಲಿ ಐದು ನಿಮಿಷ ಉಳಿದಿತ್ತು.

ಮೂರನೆಯ ಸಲ ಬೆರಳಿಟ್ಟು ಓರಗಿತ್ತಿಯ ಕಡೆ ತಿರುಗಿದಳು. ಭಾಗೀರಥಿ ಕನ್ನಡಕ ಒರೆಸಿಕೊಳ್ಳುತ್ತ, ನಷ್ಟವೇನೂ ಆಗದವಳಂತೆ ಕುಳಿತಿದ್ದಳು. ಇಪ್ಪತ್ತೆರಡು ವರ್ಷ ತಾನು ಬೇಯುತ್ತಿದ್ದಾಗ ಇವಳು ದಿನವೂ ಕಣ್ತುಂಬ ನಿದ್ದೆ ಮಾಡಿ ಏಳುತ್ತಿದ್ದಳು. ಹೊಲಿಗೆಯಾದರೆ ಇನ್ನೂ ಹತ್ತು ವರ್ಷ ಕೂತು ಕಲಿತೇನು, ಈ ಮನಸ್ಸನ್ನು ಯಾರ ಹತ್ತಿರ ಕಲಿಯಲಿ? ಇದೂ ಇವಳಿಗೇ ಸಿಗಬೇಕಿತ್ತೇ? ಎಂದೂ ಉರಿಯದಷ್ಟು ಉರಿಯಿತು ಒಡಲು.

ಬೀಗ ತೆರೆಯಿತು. 'ನೀವು ಮನುಷ್ಯರು. ನಿಮ್ಮ ಜಾಮೀನನ್ನು ಒಪ್ಪಲಾಗಿದೆ.'

ಭಾಗೀರಥಿ ಎದ್ದು ಬಂದು ಅವಳ ಹೆಗಲ ಮೇಲೆ ಕೈಯಿಟ್ಟಳು. "ನಿಮ್ಮದು ಭಾಳ ದೊಡ್ಡ ಮನಸ್ಸ ಅಕ್ಕಾ," ಎಂದಳು. "ಯಂತ್ರಕ್ಕೂ ತಿಳೀತು ನೋಡ್ರಿ."

"ಲಗೂ ಒತ್ತ, ಹನ್ನೆರಡಾತು," ಎಂದಳು ದಾಕ್ಷಾಯಿಣಿ, ತಲೆ ಎತ್ತದೆ.