ಗುರುಗ್ರಹದ ನಲವತ್ತೊಂದು ರಾತ್ರಿಗಳು

ಬೆಳಗ್ಗೆ ಹತ್ತಕ್ಕೆ ವೀಕ್ಷಣಾಲಯದ ಕಂಪ್ಯೂಟರ್ ತೆರೆದರೆ ನಲವತ್ತೊಂದು ರಾತ್ರಿಗಳ ಚಿತ್ರಗಳಿಲ್ಲ. ಆರು ವರ್ಷದ ಹಿಂದಿನ ಒಂದಿಡೀ ಚಳಿಗಾಲವನ್ನು ಯಾರೋ ಗುಡಿಸಿ ಹಾಕಿದ್ದರು.

ಆ ವೀಕ್ಷಣಾಲಯಕ್ಕೆ ಹದಿನಾಲ್ಕು ವರ್ಷಗಳಿಂದ ಒಂದೇ ಕೆಲಸ. ಗುರುಗ್ರಹದ ಒಂದು ಚಂದ್ರನ ಮೇಲೆ ಜ್ವಾಲಾಮುಖಿಗಳಿವೆ. ಅವು ಉಗುಳುವ ಅನಿಲ ವಿದ್ಯುದಾವೇಶ ಪಡೆದು ಗ್ರಹದ ಸುತ್ತ ಮಂಕು ಬಳೆಯಂತೆ ಹರಡುತ್ತದೆ. ದೂರದರ್ಶಕದೊಳಗೆ ಪುಟ್ಟ ಕಪ್ಪು ಬಿಲ್ಲೆಯಿಟ್ಟು ಗ್ರಹದ ಬೆಳಕನ್ನು ಮರೆಮಾಡಿ, ಮೋಡವಿಲ್ಲದ ಪ್ರತಿ ರಾತ್ರಿಯೂ ಆ ಬಳೆಯ ಚಿತ್ರ ತೆಗೆಯಬೇಕು.

ಮರ್ಯಾದೆಗೆ ಅಂಜಿ ನಿರ್ದೇಶಕರು ಪೊಲೀಸರಿಗೆ ತಿಳಿಸಲಿಲ್ಲ. ನಿವೃತ್ತ ಪೊಲೀಸ್ ಅಧಿಕಾರಿಯಾದ ನನ್ನ ದೊಡ್ಡಮ್ಮನನ್ನು ಕರೆಸಿದರು. ನಾನು ಅವಳ ಡ್ರೈವರ್, ಗುಮಾಸ್ತ, ಬೈಸಿಕೊಳ್ಳುವವನೂ ನಾನೇ.

"ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತು?" ಎಂದಳು ದೊಡ್ಡಮ್ಮ.

"ಇಬ್ಬರಿಗೆ," ಎಂದರು ನಿರ್ದೇಶಕರು. "ನಮ್ಮ ಹಿರಿಯ ವೀಕ್ಷಕರಿಗೆ, ಈ ಸಂಶೋಧಕಿಗೆ. ಅವರು ಹದಿನಾಲ್ಕು ವರ್ಷದಲ್ಲಿ ಒಂದು ರಾತ್ರೀನೂ ತಪ್ಪಿಸಿದವರಲ್ಲ. ನಿನ್ನೆ ಮೋಡ, ವೀಕ್ಷಣೆ ಇರಲಿಲ್ಲ; ಸಂಜೆ ಕೊನೆಗೆ ಹೋದವಳು ಇವಳು. ನಾಳೆಯಿಂದ ಬರಬೇಡ ಅಂದಿದೀನಿ."

ದೊಡ್ಡಮ್ಮ ಆ ಹುಡುಗಿಯತ್ತ ತಿರುಗಿದಳು. "ಅಳಿಸಿದ್ರೆ ನಿನಗೇನು ಲಾಭ?"

"ಲಾಭ ಅವು ಇದ್ರೇನೇ, ಮೇಡಂ. ಆ ಚಳಿಗಾಲ ಅನಿಲ ಮೂರು ಪಟ್ಟು ಬೆಳಗಿತ್ತು ಅಂತ ಬೇರೆ ದೇಶದವರು ಹೇಳ್ತಾರೆ. ನಮ್ಮ ಚಿತ್ರಗಳಲ್ಲಿ ಹಾಗೇನೂ ಇಲ್ಲ. ಅವರದು ತಪ್ಪು ಅಂತ ನನ್ನ ಪ್ರಬಂಧ. ನಾಲ್ಕು ವರ್ಷದಿಂದ, ಇಲ್ಲಿಗೆ ಬಂದಾಗಿನಿಂದ ಅದೇ ಕೆಲಸ. ಈ ವಾರ ಅಚ್ಚಿಗೆ ಹೋಗ್ಬೇಕಿತ್ತು." ನನಗೆ ಪಾಪ ಅನ್ನಿಸಿತು.

"ಈ ಮಗು ಅಂಥದ್ದು ಮಾಡಲ್ಲ," ಎಂದರು ಹಿರಿಯ ವೀಕ್ಷಕರು.

"ಮತ್ತೆ ಯಾರು?" ಎಂದಳು ದೊಡ್ಡಮ್ಮ.

ಅವರು ಕಿಟಕಿಯತ್ತ ತಿರುಗಿದರು.

ದೊಡ್ಡಮ್ಮ ಉಳಿದ ಚಿತ್ರಗಳನ್ನು ನೋಡುತ್ತ ಕೂತಳು. "ಹೋಗಿದ್ದನ್ನ ಬಿಟ್ಟು ಇರೋದನ್ನ ಯಾಕೆ ನೋಡ್ತೀಯ?" ಎಂದೆ.

"ಬಾಯಿ ಮುಚ್ಕೊಂಡು ಬರ್ಕೋ. 8412. 8413."

ನಂತರ ಎಲ್ಲರನ್ನೂ ಕರೆದಳು. "ಪ್ರತಿ ಚಿತ್ರಕ್ಕೂ ಕ್ಯಾಮೆರಾ ತಾನೇ ಕ್ರಮಸಂಖ್ಯೆ ಹಾಕುತ್ತೆ. ನಡುವಿನ ಚಿತ್ರ ಅಳಿಸಿದ್ರೆ ಆ ಸಂಖ್ಯೆಗಳೂ ಹೋಗ್ಬೇಕು. ಆ ಚಳಿಗಾಲಕ್ಕೆ ಮುಂಚಿನ ಕೊನೇ ಚಿತ್ರ 8412. ಆಮೇಲಿನ ಮೊದಲನೇದು 8413. ಒಂದೂ ಹೋಗಿಲ್ಲ — ಯಾಕಂದ್ರೆ ಆ ನಲವತ್ತೊಂದು ರಾತ್ರಿ ಯಾರೂ ಚಿತ್ರಾನೇ ತೆಗೆದಿಲ್ಲ. ನಿನ್ನೆ ಅಳಿಸಿದ್ದು ಹಳೇ ಚಿತ್ರಗಳ ನಕಲು, ತಾರೀಖು ತಿದ್ದಿದ್ದು. ಆಗ ಈ ಹುಡುಗಿ ಇಲ್ಲಿರಲಿಲ್ಲ. ಇದ್ದವರು ನೀವು, ಅಲ್ವಾ ಹಿರಿಯರೇ?"

ಅವರು ಕನ್ನಡಕ ತೆಗೆದರು. "ಹೆಂಡತಿ ಆಸ್ಪತ್ರೆಯಲ್ಲಿದ್ದಳು. ಕತ್ತಲಾದ್ರೆ ಹೆದರೋಳು. ನಲವತ್ತೊಂದು ರಾತ್ರಿ ಪಕ್ಕದಲ್ಲಿ ಕೂತಿದ್ದೆ. ಆಮೇಲೆ ಕೂರೋ ಅಗತ್ಯ ಬೀಳಲಿಲ್ಲ."

"ರಜೆ ಕೇಳಬಹುದಿತ್ತಲ್ಲ?" ನಿರ್ದೇಶಕರ ದನಿ ಇಳಿದಿತ್ತು.

"ಒಂದು ರಾತ್ರೀನೂ ತಪ್ಪಿಸಿಲ್ಲ ಅನ್ನೋ ಹೆಸರು ಬಿಡೋಕಾಗಲಿಲ್ಲ. ಈಗ ಈ ಮಗು ನನ್ನ ಸುಳ್ಳನ್ನೇ ನಂಬಿ ಬರೆದಿದ್ದಾಳೆ ಅಂತ ತಿಳಿದು, ಅದು ಅಚ್ಚಾಗದಿರಲಿ ಅಂತ ಅಳಿಸಿದೆ. ಹೇಳೋ ಧೈರ್ಯ ಬರಲಿಲ್ಲ."

"ಬೆಳಗ್ಗಿಂದ ಇವಳು ಕಳ್ಳಿ ಅನ್ನಿಸಿಕೊಳ್ತಿದ್ದಾಗಲೂ?" ಎಂದಳು ದೊಡ್ಡಮ್ಮ.

ಅವರು ಕನ್ನಡಕ ಮತ್ತೆ ಹಾಕಿಕೊಂಡರು.

"ಸರ್, ಬೇರೆ ವರ್ಷಗಳ ಚಿತ್ರಗಳು?" ಹುಡುಗಿ ಕೇಳಿದಳು.

"ಅವೆಲ್ಲ ನಿಜ, ಮಗು."

"ಇನ್ನು ಯಾರು ನಂಬ್ತಾರೆ, ಸರ್?"

ಅವಳು ಕುರ್ಚಿ ಎಳೆದುಕೊಂಡು, ಹದಿನಾಲ್ಕು ವರ್ಷದ ಮೊದಲ ಚಿತ್ರ ತೆರೆದು ಸಂಖ್ಯೆ ಬರೆದುಕೊಂಡಳು. ಎರಡನೆಯದು. ಮೂರನೆಯದು. ಹಿರಿಯರು ಅವಳ ಹಿಂದೆ ನಿಂತೇ ಇದ್ದರು. ಕೂರಿ ಎಂದು ಯಾರೂ ಹೇಳಲಿಲ್ಲ.