ಅಪ್ಪನ ವಾಕ್ಯದ ಎರಡು ಕಾಮಾ

"ನಿಂಗೆ ಕಾಮಾ ಬರಲ್ಲ ಕಣೇ! ಅಳಿಸು, ಅಳಿಸು!"

ಸೋಡಾಬುಡ್ಡಿ ರಬ್ಬರ್ ಹಿಡಿದುಕೊಂಡು ಅಳಿಲಿನ ನೋಟ್‌ಬುಕ್ಕಿನ ಮೇಲೆ ಬಗ್ಗಿಯೇಬಿಟ್ಟ. ಅಳಿಲು ಎರಡೂ ಕೈಯಿಂದ ಪುಟ ಮುಚ್ಚಿಕೊಂಡಳು.

ಪೆನ್ಸಿಲ್ ತುದಿಯನ್ನು ಕಚ್ಚಿ ಕಚ್ಚಿ ಪುಡಿ ಮಾಡುತ್ತಾಳೆಂದು ಕ್ಲಾಸಿನವರು ಅವಳಿಗೆ ಅಳಿಲು ಎಂದು ಹೆಸರಿಟ್ಟಿದ್ದರು. ಪಕ್ಕದಲ್ಲಿ ಕೂರುವವನ ಕನ್ನಡಕ ಬಲು ದಪ್ಪ. ಅವನಿಗೆ ಸೋಡಾಬುಡ್ಡಿ ಎಂದು ಹೆಸರಿಟ್ಟವಳು ಅಳಿಲೇ.

ಇಂಗ್ಲಿಷ್ ಮಿಸ್ ಬರೆದ ವಾಕ್ಯ ಬೋರ್ಡಿನ ಮೇಲೆ ಹಾಗೇ ಇತ್ತು. 'ಮೈ ಫಾದರ್, ಹೂ ಡ್ರೈವ್ಸ್ ಎ ಬಸ್, ಲೈಕ್ಸ್ ಟೀ.' ಬಸ್ ಓಡಿಸುವ ನಮ್ಮಪ್ಪನಿಗೆ ಟೀ ಇಷ್ಟ.

"ನಡುವಿನ ಮಾತು ತೆಗೆದುಬಿಡಿ" ಎಂದಿದ್ದರು ಮಿಸ್. "ಆಗಲೂ ಯಾರ ವಿಷಯ ಅಂತ ಗೊತ್ತಾಗುತ್ತೆ. ಅಪ್ಪ ಒಬ್ಬರೇ ತಾನೇ? ಅದಕ್ಕೇ ಎರಡೂ ಕಡೆ ಕಾಮಾ. ಈಗ 'ದಿ ಬಾಯ್ ಹೂ ಬ್ರೋಕ್ ದಿ ಸ್ಕೇಲ್' ಅಂದ್ರೆ? ಕ್ಲಾಸಲ್ಲಿ ಬೇಕಾದಷ್ಟು ಹುಡುಗರಿದ್ದಾರೆ. ಸ್ಕೇಲ್ ಮುರಿದೋನು ಅಂತ ಹೇಳದಿದ್ರೆ ಯಾವ ಹುಡುಗ ಅಂತ ಗೊತ್ತಾಗಲ್ಲ. ಅಲ್ಲಿ ಕಾಮಾ ಬೇಡ."

ಮಿಸ್‌ನ ಸ್ಕೇಲ್ ಮುರಿದವನು ಸೋಡಾಬುಡ್ಡಿ. ಎಲ್ಲರೂ ತಿರುಗಿ ಅವನನ್ನೇ ನೋಡಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಳಿಲು. ಆ ಸಿಟ್ಟು ಅವನಿಗಿನ್ನೂ ಇಳಿದಿರಲಿಲ್ಲ.

"ನಿಮ್ಮಮ್ಮ ಗಾಜಿನಂಗಡಿ ಅಂಕಲ್‌ನ ಮದುವೆ ಆಗ್ತಾರಂತಲ್ಲ. ಆಗ ನಿಂಗೆ ಇಬ್ಬರು ಅಪ್ಪ! ಯಾವ ಅಪ್ಪ ಅಂತ ಬಿಡಿಸಿ ಹೇಳ್ಬೇಕು. ಕಾಮಾ ಕಟ್!"

ಅಳಿಲು ಪುಟವನ್ನು ಇನ್ನೂ ಬಿಗಿಯಾಗಿ ಮುಚ್ಚಿಕೊಂಡಳು. ಅವಳ ಕೈಯಡಿ ಅರ್ಧ ವಾಕ್ಯವಿತ್ತು. 'ಮೈ ಫಾದರ್, ಹೂ ಬ್ರಾಟ್ ಲೆಟರ್ಸ್'. ಮುಂದಿನದನ್ನು ಮನೆಯಲ್ಲಿ ಬರೆದು, ಸೋಮವಾರ ಎಲ್ಲರ ಮುಂದೆ ಓದಬೇಕಿತ್ತು.

ಅಪ್ಪ ಪೋಸ್ಟ್‌ಮ್ಯಾನ್ ಆಗಿದ್ದರು. ಕಾಯಿಲೆ ಬಂದು ತೀರಿಕೊಂಡಿದ್ದರು. ಅವರಿಗೂ 'ಯಾವ ಅಪ್ಪ' ಎಂದು ಗುರುತು ಹೇಳಬೇಕೇ?

ಮನೆಗೆ ಬಂದವಳು ಬ್ಯಾಗನ್ನು ಎಸೆದಳು. ಅಷ್ಟಕ್ಕೂ ಸಮಾಧಾನವಾಗದೆ ಕಿಟಕಿಯ ಬಾಗಿಲನ್ನು ಢಬ್ಬೆಂದು ಮುಚ್ಚಿದಳು.

ಗಾಜು ಝಲ್ಲೆಂದು ಉದುರಿತು. ಕೆಳಗಿನ ಮೂಲೆಯ ಒಂದು ತುಂಡು ಮಾತ್ರ ಉಳಿಯಿತು.

ಅಮ್ಮ ಓಡಿ ಬಂದರು. "ಅಲ್ಲಾಡಬೇಡ! ಕೈ ತೋರ್ಸು. ಕಾಲು ತೋರ್ಸು. ಏನಾಯ್ತೇ?"

"ಗಾಳಿ."

ಅಮ್ಮ ಹೊರಗೆ ನೋಡಿದರು. ತಂತಿಯ ಮೇಲಿನ ಬಟ್ಟೆ ಕೂಡ ಅಲುಗುತ್ತಿರಲಿಲ್ಲ. "ಭಾರೀ ಗಾಳಿ" ಎಂದಷ್ಟೇ ಹೇಳಿ ಪೊರಕೆ ತಂದರು.

ಭಾನುವಾರ ಗಾಜಿನಂಗಡಿ ಅಂಕಲ್ ಬಂದರು. ಕಂಕುಳಲ್ಲಿ ಹಳೇ ಪೇಪರ್ ಸುತ್ತಿದ ಗಾಜು, ಬೆರಳುಗಳ ತುಂಬ ಸಣ್ಣ ಸಣ್ಣ ಗೀರುಗಳು.

ಅಮ್ಮ ಕೆಲಸ ಮಾಡುವ ಮೆಡಿಕಲ್ ಶಾಪಿನ ಶೋಕೇಸಿಗೆ ಗಾಜು ಹಾಕಿದವರು ಇವರೇ. ಆಮೇಲೆ ಆ ಗಾಜು ಆಗಾಗ ಸಡಿಲವಾಗುತ್ತಿತ್ತಂತೆ, ಇವರು ಆಗಾಗ ಬಂದು ನೋಡುತ್ತಿದ್ದರಂತೆ. ಆ ಗಾಜಿನ ಮೇಲೆ ಅಳಿಲಿಗೆ ಮೊದಲಿನಿಂದಲೂ ಅನುಮಾನ.

"ಟೇಬಲ್ ಸ್ವಲ್ಪ ಬಿಟ್ಟುಕೊಡ್ತೀಯಾ ಮರಿ?"

ಅಳಿಲು ಅರ್ಧ ವಾಕ್ಯದ ನೋಟ್‌ಬುಕ್ಕನ್ನು ಎದೆಗೆ ಅವಚಿಕೊಂಡು ಎದ್ದಳು. ಅಂಕಲ್ ಕಿಟಕಿಯ ಬಾಗಿಲನ್ನೇ ಕಳಚಿ ತಂದು ಟೇಬಲ್ ಮೇಲೆ ಮಲಗಿಸಿದರು. ಗಾಜು ಅಲುಗದಂತೆ ಅಂಚಿಗೆಲ್ಲ ಮೆತ್ತಿದ್ದ ಹಳೇ ಪುಟ್ಟಿ ಕಲ್ಲಿನಂತೆ ಗಟ್ಟಿಯಾಗಿತ್ತು. ಅದನ್ನು ಚಾಕುವಿನಿಂದ ಕೆರೆಯತೊಡಗಿದರು.

"ಯಾವ ಮಹಾನುಭಾವ ಮೆತ್ತಿದ್ದಪ್ಪಾ ಇದನ್ನ!" ಎಂದು ನಕ್ಕರು. "ಒಂದು ಕಡೆ ಗುಡ್ಡ, ಒಂದು ಕಡೆ ಹಳ್ಳ."

"ನಮ್ಮಪ್ಪ" ಎಂದಳು ಅಳಿಲು.

ಚಾಕು ನಿಂತಿತು. ಅಂಕಲ್ ಮುಖದಲ್ಲಿದ್ದ ನಗು ಎಲ್ಲಿ ಹೋಯಿತೋ.

ಅಳಿಲಿಗೂ ಅದು ನೆನಪಾದದ್ದು ಆಗಲೇ. 'ಇಷ್ಟಕ್ಕೆಲ್ಲ ಯಾರನ್ನ ಕರೀಬೇಕು?' ಎಂದು ಅಪ್ಪ ರಜೆಯ ದಿನ ತಾವೇ ಕೂತು ಗಾಜು ಕೂರಿಸಿದ್ದರು. ಪುಟ್ಟಿ ಮೂಗಿಗೂ ಮೆತ್ತಿಕೊಂಡಿತ್ತು. ಅಮ್ಮ ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟಿದ್ದರು.

ಅಳಿಲು ಬಗ್ಗಿ ನೋಡಿದಳು. ಗಾಜಿನ ತುಂಡು ಉಳಿದಿದ್ದ ಮೂಲೆಯಲ್ಲಿ, ಪುಟ್ಟಿಯ ಮೇಲೆ ಹೆಬ್ಬೆರಳಿನ ಗುರುತು ಇತ್ತು. ಸಣ್ಣ ಸಣ್ಣ ಗೆರೆಗಳೂ ಕಾಣುತ್ತಿದ್ದವು.

"ಅದನ್ನ ತೆಗೀಬೇಡಿ! ಅದು ಅಪ್ಪನ ಬೆರಳು."

"ಹಳೇದನ್ನ ಪೂರ್ತಿ ತೆಗೀದೆ ಹೊಸ ಗಾಜು ಕೂರಲ್ಲ ಮರಿ" ಎಂದರು ಅಂಕಲ್, ಮೆಲ್ಲಗೆ.

ಬಾಗಿಲ ಬಳಿ ಅಮ್ಮ ಬಂದು ನಿಂತಿದ್ದರು. "ತೆಗೀರಿ, ಪರವಾಗಿಲ್ಲ" ಎಂದರು. ಆ ದನಿ ಅಮ್ಮನ ದನಿಯಂತಿರಲಿಲ್ಲ.

ಗಾಳಿಯೇನೂ ಬೀಸಿರಲಿಲ್ಲ, ಗಾಜು ಒಡೆದವಳು ಅಳಿಲೇ. ಸುಮ್ಮನೆ ಇದ್ದಿದ್ದರೆ ಇವತ್ತು ಯಾರೂ ಏನನ್ನೂ ಕೆರೆಯಬೇಕಾಗಿರಲಿಲ್ಲ.

ಅಂಕಲ್ ತಲೆ ಕೆರೆದುಕೊಂಡರು. ಮೂಲೆಯ ತುಂಡನ್ನು ಬೆರಳಿನಿಂದ ಅಲುಗಿಸಿ ನೋಡಿದರು. ಅದು ಜಗ್ಗಲಿಲ್ಲ. ಆ ಮೂಲೆ ಬಿಟ್ಟು ಉಳಿದ ಪುಟ್ಟಿಯನ್ನಷ್ಟೇ ಕೆರೆದು ತೆಗೆದರು. ಟೇಪ್ ಹಿಡಿದು ಅಳೆದರು, ಇನ್ನೊಮ್ಮೆ ಅಳೆದರು. ಆಮೇಲೆ ತಾವು ತಂದ ಹೊಸ ಗಾಜಿನ ಒಂದು ಮೂಲೆಗೆ ಅಡ್ಡಲಾಗಿ ಕಟರ್‌ನಿಂದ ಗೀರು ಎಳೆದರು.

ಕಟಕ್!

"ಅಯ್ಯೋ, ಹೊಸ ಗಾಜಿನ ಮೂಲೆ ಮುರಿದ್ರಲ್ಲ!" ಎಂದಳು ಅಳಿಲು.

"ಆ ಮೂಲೆಗೆ ಆಗ್ಲೇ ಗಾಜಿದೆಯಲ್ಲ" ಎಂದರು ಅಂಕಲ್.

ಮೂಲೆ ಕಳೆದುಕೊಂಡ ಹೊಸ ಗಾಜು ಅಪ್ಪನ ತುಂಡಿನ ಪಕ್ಕಕ್ಕೆ ಬಂದು ಕೂತಿತು. ನಡುವಿನ ಸಣ್ಣ ಸಂದಿಗೆ ಅವರು ಅಂಟು ತುಂಬಿದರು. ಓರೆಯಾದ ಒಂದು ಗೆರೆ ಎದ್ದು ಕಾಣುತ್ತಿತ್ತು.

"ನಂಗೆ ಕೆಲಸ ಕಲಿಸಿದ ಮೇಸ್ತ್ರಿ ಏನಾದ್ರೂ ಇದನ್ನ ನೋಡಿದ್ರೆ ಕಿವಿ ಹಿಂಡ್ತಾರೆ. ಯಾರಿಗೂ ಹೇಳ್ಬೇಡ."

"ಹೇಳಲ್ಲ" ಎಂದಳು ಅಳಿಲು. ಆ ಓರೆ ಗೆರೆಯನ್ನೇ ನೋಡುತ್ತಾ, "ಅವತ್ತು ಗಾಳಿ ಇರ್ಲಿಲ್ಲ" ಎಂದಳು.

"ನಿಮ್ಮಮ್ಮ ಹೇಳಿದ್ರು. ಭಾರೀ ಗಾಳಿ ಅಂತ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಟೀ ಇಡುತ್ತೇನೆಂದು ಒಳಗೆ ಹೋದರು.

ಅಂಕಲ್ ಹೊಸ ಪುಟ್ಟಿ ನಾದಿ ಅಂಚಿಗೆ ಮೆತ್ತತೊಡಗಿದರು. ಅಳಿಲು ಅಲ್ಲೇ ನೆಲದ ಮೇಲೆ ಕೂತು ನೋಟ್‌ಬುಕ್ ತೆರೆದಳು.

'ಮೈ ಫಾದರ್, ಹೂ ಬ್ರಾಟ್ ಲೆಟರ್ಸ್, ವಿಸಲ್ಡ್ ಆನ್ ದಿ ಸ್ಟೇರ್ಸ್.' ಕಾಗದ ತರುತ್ತಿದ್ದ ನಮ್ಮಪ್ಪ ಮೆಟ್ಟಿಲ ಮೇಲೆ ಸಿಳ್ಳೆ ಹಾಕುತ್ತಿದ್ದರು.

ಕಾಮಾ ಎರಡನ್ನೂ ಒತ್ತಿ ಒತ್ತಿ ಕಪ್ಪಗೆ ಮಾಡಿದಳು. ನಾಳೆ ಸೋಡಾಬುಡ್ಡಿ ಏನು ಬೇಕಾದರೂ ಹೇಳಿಕೊಳ್ಳಲಿ. ಅಪ್ಪ ಅಂದಾಗ ಅವಳ ಕಣ್ಣ ಮುಂದೆ ಬರುವವರು ಯಾರೆಂದು ಅವಳಿಗೆ ಗೊತ್ತು. ಟೇಬಲ್ ಹತ್ತಿರ ನಿಂತವರಿಗೂ ಅದು ಗೊತ್ತು.

"ಆಯ್ತು ನೋಡು" ಎಂದರು ಅಂಕಲ್.

ಅಳಿಲು ಎದ್ದು ಬಂದಳು. ಹೊಸ ಪುಟ್ಟಿ ಸ್ಕೇಲ್ ಇಟ್ಟು ಗೆರೆ ಎಳೆದಂತೆ ನುಣ್ಣಗಿತ್ತು. ಗುಡ್ಡವಿಲ್ಲ, ಹಳ್ಳವಿಲ್ಲ. ಅವಳು ಸುತ್ತಲೂ ಕಣ್ಣಾಡಿಸಿ ಮೇಲಿನ ಮೂಲೆಗೆ ಬೆರಳು ತೋರಿಸಿದಳು.

"ಇಲ್ಲಿ ಒತ್ತಿ."

"ಏನನ್ನ?"

"ನಿಮ್ಮ ಹೆಬ್ಬೆರಳು."

"ನೀಟಾಗಿರೋದು ಹಾಳಾಗುತ್ತೆ ಮರಿ."

"ಒತ್ತಿ ಅಂಕಲ್."

ಅಂಕಲ್ ಅವಳ ಮುಖ ನೋಡಿದರು. ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ಆ ಮೂಲೆಯಲ್ಲಿ ಒತ್ತಿದರು. ಬಿಸಿ ನೀರು ಮುಟ್ಟುವವರ ಹಾಗೆ ಅಂಜುತ್ತಂಜುತ್ತಾ.

"ಸಾಕಾ?"

ಅಳಿಲು ಕತ್ತು ಓರೆ ಮಾಡಿ ನೋಡಿದಳು.

"ಇನ್ನೂ ಸ್ವಲ್ಪ."