ಬೇಕೆಂದೇ ಬಿದ್ದವನು

ಬಾಗಿಲು ತೆರೆದವಳ ಎಡಹುಬ್ಬಿನ ಮೇಲೆ ಮೂರು ಹೊಲಿಗೆ. ಕಣ್ಣು ಊದಿ ನೀಲಿಗಟ್ಟಿತ್ತು. ಬಾಕ್ಸಿಂಗ್ ಕೋಚ್ ತಲೆ ತಗ್ಗಿಸಿ ನಿಂತ.

"ಒಳಗೆ ಬನ್ನಿ ಕೋಚ್. ನನ್ನ ಮುಖ ನೋಡಕ್ಕೆ ಅಷ್ಟು ಭಯಾನಾ?"

ಅವಳು ಶಾಲೆಯಲ್ಲಿ ಗಣಿತದ ಟೀಚರ್. ಹತ್ತು ವರ್ಷ ತೈ ಚಿ ಎಂಬ ಚೀನೀ ಸಮರಕಲೆ ಕಲಿತವಳು. ಅಷ್ಟು ನಿಧಾನವಾಗಿ ಕೈಯಾಡಿಸುವ ವಿದ್ಯೆ ನಿಜವಾದ ಏಟಿನ ಮುಂದೆ ನಿಲ್ಲುತ್ತದೆಯೇ ಎಂಬ ಹುಳ ತಲೆಗೆ ಹೊಕ್ಕಿದ್ದೇ ತಡ, ಪ್ರತಿ ಭಾನುವಾರ ಅವನ ಜಿಮ್‌ಗೆ ಬರತೊಡಗಿದಳು. ಗ್ಲೌಸ್ ಬಿಗಿದುಕೊಂಡು, "ಮೊದಲೇ ಹೇಳಿಕೊಟ್ಟ ಪಟ್ಟು ಬೇಡ. ಹೇಗೆ ಬೇಕೋ ಹಾಗೆ ಹೊಡೀರಿ" ಎನ್ನುತ್ತಿದ್ದಳು.

ಅವನು ಹೊಡೆಯುತ್ತಿದ್ದ, ಅರ್ಧ ವೇಗದಲ್ಲಿ. ಅವಳ ಅಂಗೈ ಎದೆಗೆ ತಾಗಿದರೆ ಸಾಕು, ಎರಡು ಹೆಜ್ಜೆ ಹಿಂದೆ ಹಾರಿ ಬೀಳುತ್ತಿದ್ದ. "ಪಟ್ಟು ಬಂತು, ಅಲ್ವಾ?" ಎಂದು ಅವಳು ಬೆವರಿದ ಮುಖದಲ್ಲಿ ನಗುತ್ತಿದ್ದಳಲ್ಲ, ಆ ನಗುವಿಗಾಗಿ ಪುಣ್ಯಾತ್ಮ ಆರು ತಿಂಗಳು ಬಿದ್ದ.

ಅದೇ ಧೈರ್ಯದಲ್ಲಿ ಅವಳು ಬೇರೆ ಕ್ಲಬ್ಬಿನ ಸ್ಪಾರಿಂಗ್ ಪಂದ್ಯಕ್ಕೆ ಹೋದಳು. ಅಲ್ಲಿ ಎದುರಾಳಿ ಬೀಳಲಿಲ್ಲ.

"ಹೊಗಳಿ ಹೊನ್ನಶೂಲಕ್ಕೇರಿಸಿದ್ದು ನೀನು. ಹೋಗಿ ಬಾಯಿ ಬಿಡು" ಎಂದು ಅವನ ಅಕ್ಕ ಬೈದು ಕಳಿಸಿದ್ದಳು.

"ನಂದೇ ತಪ್ಪು ಬಿಡಿ," ಎಂದಳು ಟೀಚರ್. "ಹತ್ತು ವರ್ಷ ಕಲಿತಿದ್ದು ಹತ್ತು ಸೆಕೆಂಡಿಗೆ ಮುಗೀತು. ಇನ್ನು ತೈ ಚಿ ಸಾಕು."

ಅವನು ಲೆಕ್ಕ ಹಾಕಿದ. ಸುಮ್ಮನಿದ್ದರೆ ಅವಳು ಉಳಿಯುತ್ತಾಳೆ, ಅವಳ ವಿದ್ಯೆ ಹೋಗುತ್ತದೆ. ಹೇಳಿದರೆ ಅವಳೇ ಹೋಗಬಹುದು.

"ಟೀಚರ್, ನಾನು ಬೇಕಂತಲೇ ಬೀಳ್ತಿದ್ದೆ."

"ಎಷ್ಟು ಸಲ?"

"ಪ್ರತಿ ಸಲ."

"ಯಾಕೆ?"

"ನೀವು ನಗ್ತಿದ್ರಿ. ನಂಗೆ... ನೀವಂದ್ರೆ ಪ್ರಾಣ."

"ಪ್ರಾಣ ಅಂತೀರಿ, ಒಂದು ನಿಜವಾದ ಏಟು ಕೊಡೋಕಾಗ್ಲಿಲ್ವಾ? ಆರು ತಿಂಗಳು ನಾನೊಬ್ಬಳೇ ಆಡ್ದೆ ಅನ್ನಿ. ನೀವು ಅಲ್ಲಿರಲೇ ಇಲ್ಲ."

ಅವನು ಎದ್ದು ಬಾಗಿಲವರೆಗೆ ನಡೆದ.

"ಡಾಕ್ಟ್ರು ಒಂದು ತಿಂಗಳು ಬೇಡ ಅಂದಿದಾರೆ. ಆಮೇಲೆ ಬರ್ತೀನಿ. ಅವತ್ತೂ ನಾಟಕ ಆಡಿದ್ರೆ, ಮತ್ತೆ ಮುಖ ತೋರಿಸ್ಬೇಡಿ."

ಬಂದಳು. ತಲೆಗೆ ಹೆಲ್ಮೆಟ್ ಕಟ್ಟಿಕೊಂಡು ನಿಂತಳು. ಅವನ ಮೊದಲ ಏಟು ಅವಳ ಭುಜಕ್ಕೆ, ಎರಡನೆಯದು ಪಕ್ಕೆಗೆ. ಮೂರನೆಯದಕ್ಕೆ ಅವಳು ಕುಸಿದು ಕೂತಾಗ ಅವನ ಕಣ್ಣಲ್ಲಿ ನೀರು ಬಂತು. "ಅಳ್ತಾ ಹೊಡೀರಿ, ಪರವಾಗಿಲ್ಲ," ಎಂದು ಎದ್ದಳು.

ಎಷ್ಟೋ ಏಟುಗಳ ನಂತರ ಒಮ್ಮೆ, ಅವಳ ಮುಂಗೈ ಅವನ ಮಣಿಕಟ್ಟಿಗೆ ಅಂಟಿತು, ಸೊಂಟ ಮೆಲ್ಲಗೆ ತಿರುಗಿತು. ಪೂರ್ತಿ ಬಲದ ಅವನ ಗುದ್ದು ಗಾಳಿಗೆ ಹೋಗಿ, ಅವನು ಮುಗ್ಗರಿಸಿದ.

ಈ ಸಲ ಅವಳು ನಗಲಿಲ್ಲ. ಅನುಮಾನದಿಂದ ಅವನನ್ನೇ ನೋಡಿದಳು. "ಇದು?"

"ನಿಜ. ಅರ್ಧ ಹೆಜ್ಜೆ ಮುಗ್ಗರಿಸ್ದೆ."

"ಅವತ್ತು ಮನೇಲಿ ಹೇಳಿದ್ದು?"

"ಅದೂ ನಿಜ."

ಅವಳು ಹೆಲ್ಮೆಟ್ ಬಿಚ್ಚಿ, ಅವನ ಎದೆಗೆ ಹಣೆಯಾನಿಸಿದಳು. "ನಂಬೋಕೆ ಇನ್ನೂ ಟೈಮ್ ಬೇಕು ನಂಗೆ," ಎಂದಳು, ಹಣೆ ತೆಗೆಯದೆಯೇ.